ಕೆಂಪಿಯ ಕೋಣೆ

ಊಟದ ಕೋಣೆಗೆ ಪರದೆ ಕಟ್ಟಿದ ಮೇಲೆ ಆ ಮನೆಯಲ್ಲಿ ಎಲ್ಲರೂ ಬೇಗ ಬೇಗ ಉಣ್ಣುವುದನ್ನು ಕಲಿತರು.

ಪರದೆಯ ಆ ಬದಿಗೆ ಅಜ್ಜಿಯ ಮಂಚ, ಔಷಧಿ ಇಡುವ ಸ್ಟೂಲು, ಆಸ್ಪತ್ರೆಯಿಂದ ತಂದ ಕಮೋಡ್ ಕುರ್ಚಿ. ಈ ಬದಿಗೆ ಊಟದ ಮೇಜು, ಕುರ್ಚಿಗಳು, ಫ್ರಿಜ್ಜು. ನಡುವೆ ಎರಡು ಪದರದ ಬಟ್ಟೆ. ಅದರ ಅಂಚನ್ನು ಅಜ್ಜಿಯೇ ಮಂಚದಲ್ಲಿ ಒರಗಿ ಕೂತು ಹೊಲಿದಿದ್ದರು. ಬದುಕಿಡೀ ಹೊಲಿಗೆಯ ಅಂಗಡಿ ನಡೆಸಿದ ಕೈ. ಒಂದು ಹೊಲಿಗೆಯೂ ಸೊಟ್ಟ ಬಿದ್ದಿರಲಿಲ್ಲ. ಆದರೆ ಬಟ್ಟೆ ತಡೆಯುವುದು ಕಣ್ಣನ್ನು ಮಾತ್ರ. ಕಿವಿಗೂ ಮೂಗಿಗೂ ಅದು ಇದ್ದೂ ಇಲ್ಲದ ಹಾಗೆ.

ಮೆಟ್ಟಿಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿಯುವ ತನಕ ಅಜ್ಜಿಯ ಕೋಣೆ ಮಹಡಿಯ ಮೇಲಿತ್ತು. ಮನೆಗೆ ಅಗಲ ಕಡಿಮೆ, ಎತ್ತರ ಹೆಚ್ಚು: ಮೇಲೆ ಮಲಗುವ ಕೋಣೆಗಳು ಮತ್ತು ಬಚ್ಚಲು, ಕೆಳಗೆ ಅಡುಗೆಮನೆ, ಊಟದ ಕೋಣೆ, ಅದಕ್ಕೆ ಅಂಟಿಕೊಂಡಂತೆ ಗ್ಯಾರೇಜು. ಆಪರೇಷನ್ ಮಾಡಿದ ಡಾಕ್ಟರು ಇನ್ನು ಮೆಟ್ಟಿಲು ಹತ್ತಕೂಡದು ಎಂದು ಖಡಾಖಂಡಿತವಾಗಿ ಹೇಳಿದ್ದರು. ಕೆಳಗೆ ಬಾಗಿಲು ಹಾಕಿಕೊಂಡು ಇರಬಹುದಾದ ಜಾಗ ಎಂದರೆ ಗ್ಯಾರೇಜು ಒಂದೇ. ಅದರಲ್ಲಿ ಕೆಂಪಿ ಇದ್ದಳು.

ಕೆಂಪಿ ಎಂದರೆ ಮಗನ ಕಾರು.

ಆ ದಿನ ರಾತ್ರಿಯ ಊಟಕ್ಕೆ ಸೂಪು, ಬ್ರೆಡ್ಡು, ಬೇಯಿಸಿದ ಮೊಟ್ಟೆ ಇತ್ತು. ಎಲ್ಲರೂ ಎರಡನೆಯ ಚಮಚ ಬಾಯಿಗಿಡುವಾಗ ಪರದೆಯ ಹಿಂದೆ ಕುರ್ಚಿ ಕಿರುಗುಟ್ಟಿತು. ಸೊಸೆ ಎದ್ದು ರೇಡಿಯೊ ಜೋರು ಮಾಡಿದಳು. ಮೊಮ್ಮಗಳು ತಟ್ಟೆಯನ್ನೇ ನೋಡುತ್ತ ಕೂತಳು. ಮಗ ಬ್ರೆಡ್ಡನ್ನು ಸೂಪಿನಲ್ಲಿ ಅದ್ದಿ ಅದ್ದಿ ಮುದ್ದೆ ಮಾಡಿದ. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಅಜ್ಜಿ ಹೇಳಿದರು, "ರೇಡಿಯೊ ಸಣ್ಣ ಮಾಡಮ್ಮ. ಆಯ್ತು ನಂದು."

ಮೂವರೂ ಮುಖ ಮುಖ ನೋಡಿಕೊಳ್ಳಲಿಲ್ಲ.

"ಅಪ್ಪ, ಗ್ಯಾರೇಜಿನ ವಿಷ್ಯ ಏನಾಯ್ತು?" ಮೊಮ್ಮಗಳು ಕೇಳಿದಳು. ಅವಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು; ಮನೆಯಲ್ಲಿ ಸುತ್ತುಬಳಸದೆ ಮಾತಾಡುವವಳು ಅವಳೊಬ್ಬಳೇ.

"ನಾಳೆ ಪೈಪಿನವನು ಬರ್ತಾನೆ. ನೋಡೋಣ."

"ಹೋದ ವಾರನೂ ನಾಳೆ ಅಂದಿದ್ದೆ."

"ಅವನೇನು ನಮ್ಮನೆ ಅಳಿಯನಾ, ಕರೆದ ತಕ್ಷಣ ಬರಕ್ಕೆ?"

"ಡಬ್ಬಿಗೆ ಶೀತ ಆಗುತ್ತೆ ಅಂತ ಗ್ಯಾರೇಜಿಗೆ ಹೀಟರ್ ಹಾಕಿಸಿದ್ಯಲ್ಲ, ಆಗ ಕರೆದ ದಿನಾನೇ ಬಂದಿದ್ರು."

"ಡಬ್ಬಿ ಅನ್ಬೇಡ."

"ರೀ," ಸೊಸೆ ನಡುವೆ ಬಾಯಿ ಹಾಕಿದಳು, "ಸೂಪು ಆರ್ತಾ ಇದೆ."

*

ಮಗ ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದ. ಶಿಷ್ಯರು ಅವನಿಗೆ ಬ್ರೇಕ್ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಶಾಲೆಯ ಕಾರಿನಲ್ಲಿ ಕಲಿಸುವವನ ಪಾದದ ಬಳಿಯೂ ಒಂದು ಬ್ರೇಕು ಇರುತ್ತದೆ. ಅದರ ಮೇಲೆ ಕಾಲಿಟ್ಟುಕೊಂಡೇ ಅವನ ದಿನ ಸಾಗುತ್ತಿತ್ತು. ನಿಧಾನ, ಕನ್ನಡಿ ನೋಡಿ, ಇನ್ನೂ ನಿಧಾನ. ಇಂಥ ಮನುಷ್ಯ ಸಂಜೆ ಮನೆಗೆ ಬಂದು ಗ್ಯಾರೇಜಿನ ಶಟರು ಎತ್ತಿದರೆ ಮುಖವೇ ಬೇರೆಯಾಗುತ್ತಿತ್ತು.

ನೋಡಲು ಕೆಂಪಿಯಲ್ಲಿ ಅಂಥದ್ದೇನೂ ಇರಲಿಲ್ಲ. ಹಳೆಯ ಕಾಲದ, ಮೂಲೆಗಳು ಚೌಕವಾದ ಸಣ್ಣ ಕಾರು. ಪಕ್ಕಕ್ಕೆ ಎರಡು ಬಾಗಿಲು, ಹಿಂದೆ ಮೇಲಕ್ಕೆತ್ತುವ ಮೂರನೆಯದು. ಈ ಆಕಾರವನ್ನು ಮೊದಲು ಮಾಡಿದ್ದು ಸಂಸಾರಸ್ಥರಿಗಾಗಿ, ಮಕ್ಕಳನ್ನೂ ತರಕಾರಿಯನ್ನೂ ಹೊರಲಿ ಎಂದು. ಆಮೇಲೆ ಕಾರ್ಖಾನೆಯಲ್ಲಿ ಯಾರಿಗೋ ಹುಕಿ ಬಂದು ಅದೇ ಹಗುರ ಮೈಯೊಳಗೆ ದೊಡ್ಡ ಕಾರಿಗೆ ತಕ್ಕ ಎಂಜಿನ್ ಕೂರಿಸಿದರು. ತೂಕ ಕಡಿಮೆ, ಬಲ ಹೆಚ್ಚು; ಗುಟ್ಟು ಅಷ್ಟೇ. ಈಗಿನ ಕಾರುಗಳು ಅದಕ್ಕಿಂತ ವೇಗವಾಗಿ ಓಡುತ್ತವೆ, ಆದರೆ ಓಡಿಸುವವನಿಗೆ ಏನನ್ನೂ ಹೇಳುವುದಿಲ್ಲ. ಕೆಂಪಿಯ ಸ್ಟೀರಿಂಗು ರಸ್ತೆಯ ಒಂದೊಂದು ಒರಟನ್ನೂ ಅಂಗೈಗೆ ಮುಟ್ಟಿಸುತ್ತಿತ್ತು. ತಿರುವಿನಲ್ಲಿ ಒಳಬದಿಯ ಹಿಂದಿನ ಚಕ್ರವನ್ನು ಕೊಂಚ ಎತ್ತಿಕೊಂಡು ಹೋಗುತ್ತಿತ್ತು, ಸೆರಗು ಎತ್ತಿ ಹಿಡಿದು ಕೆಸರು ದಾಟುವವರ ಹಾಗೆ. ಪೆಟ್ರೋಲ್ ಹಾಕಿಸಲು ನಿಲ್ಲಿಸಿದರೆ ಗುರುತಿಲ್ಲದವರು ಹತ್ತಿರ ಬಂದು, "ನಮ್ಮ ಮಾವನ ಹತ್ರ ಇಂಥದ್ದೇ ಇತ್ತು" ಎಂದು ಶುರು ಮಾಡುತ್ತಿದ್ದರು. ಬಾನೆಟ್ಟಿನ ಮೇಲೆ ಕೈಯಿಟ್ಟು, ಯಾವುದೋ ಬೇಸಿಗೆಯ ಯಾವುದೋ ರಸ್ತೆಯ ನೆನಪು ಹೇಳಿ, ಕೊನೆಗೆ ಒಂದೇ ಮಾತು: "ಮಾರ್ಬೇಡಿ."

ಅದರ ಸೀಟುಗಳಿಗೆ ಬೂದು-ಕೆಂಪು ಚೌಕುಳಿಯ ಬಟ್ಟೆ. ಹಿಂದೊಮ್ಮೆ ಡ್ರೈವರ್ ಸೀಟಿನ ಭುಜದ ಹತ್ತಿರ ಬಟ್ಟೆ ಹರಿದಾಗ ಅಂಥದ್ದು ಎಲ್ಲೂ ಸಿಗಲಿಲ್ಲ. ಅಜ್ಜಿ ಹಿಂದಿನ ಸೀಟಿನ ಅಡಿಯ ಮಡಿಕೆಯಿಂದ ಬಟ್ಟೆ ಬಿಚ್ಚಿ, ಚೌಕಕ್ಕೆ ಚೌಕ ಕೂಡಿಸಿ ಹೊಲಿದಿದ್ದರು. "ತೇಪೆ ಎಲ್ಲಿದೆ ತೋರ್ಸು ನೋಡೋಣ" ಎಂದು ಮಗನಿಗೆ ಸವಾಲು ಹಾಕಿದ್ದರು. ಅವನಿಗೆ ಸಿಕ್ಕಿರಲಿಲ್ಲ. ಆಮೇಲೆ ಅವನು ಕಂಡಕಂಡವರಿಗೆಲ್ಲ ಸೀಟು ಪೂರ್ತಿ ಒರಿಜಿನಲ್ ಎಂದು ಹೇಳಿಕೊಂಡು ಬಂದ. ಅಜ್ಜಿಗೆ ಅದೇ ದೊಡ್ಡ ಸರ್ಟಿಫಿಕೇಟು.

*

ಪೈಪಿನವನು ಬಂದಾಗ ಸೊಸೆ ಔಷಧಿ ಅಂಗಡಿಯ ಕೆಲಸಕ್ಕೆ ಹೋಗಿದ್ದಳು, ಮೊಮ್ಮಗಳು ಕಾಲೇಜಿಗೆ. ಮಗ ಶಟರು ಎತ್ತಿದ. ಪೈಪಿನವನು ಟಾರ್ಚು ಹಿಡಿದುಕೊಂಡೇ ನಿಂತುಬಿಟ್ಟ.

"ಅಯ್ಯೋ! ಇದಿನ್ನೂ ಓಡುತ್ತಾ?"

"ಓಡುತ್ತಾ ಅಂದ್ರೆ?"

"ನಮ್ಮಣ್ಣನ ಸ್ನೇಹಿತನ ಹತ್ರ ಇತ್ತು, ಕಪ್ಪು ಬಣ್ಣದ್ದು. ಒಂದ್ಸಲ ಹಿಂದೆ ಕೂರ್ಸಿದ್ದ. ಇಳಿದ ಮೇಲೆ ಕಾಲು ನಡುಗ್ತಿತ್ತು ನೋಡಿ." ಅವನು ಗೇರಿನ ದುಂಡನೆ ಗುಬುಟನ್ನು ಗಾಜಿನ ಮೂಲಕವೇ ನೋಡಿದ. ಎಂಜಿನ್ನಿನ ಸದ್ದು ಕೇಳಬೇಕೆಂದ. ಕೇಳಿ, ತಲೆದೂಗಿದ. ಪೈಪಿನ ನೆನಪಾಗಲು ಬಹಳ ಹೊತ್ತು ಹಿಡಿಯಿತು.

ಆಮೇಲೆ ಇಬ್ಬರೂ ಊಟದ ಕೋಣೆಗೆ ಬಂದರು. ಪೈಪಿನವನು ಗೋಡೆಗೆ ಬೆರಳಿನಿಂದ ಕುಟ್ಟಿ ನೋಡಿದ.

"ಮೆಲ್ಲಗೆ. ಅಮ್ಮ ಮಲಗಿದ್ದಾರೆ," ಎಂದ ಮಗ.

"ಕೆಲಸ ಸಲೀಸು ಸಾರ್. ಮೇಲಿನ ಬಚ್ಚಲಿನ ಪೈಪು ಇದೇ ಗೋಡೇಲಿ ಇಳಿಯುತ್ತೆ. ಆ ಕಡೆಯಿಂದ ಒಂದು ಕೂಡಿಸಿದ್ರೆ ಮುಗೀತು. ಇಳಿಜಾರೂ ಚೆನ್ನಾಗಿದೆ. ಹತ್ತು ಹನ್ನೆರಡು ದಿನದಲ್ಲಿ ಟಾಯ್ಲೆಟ್ ಸಮೇತ ಕೋಣೆ ರೆಡಿ." ಸ್ವಲ್ಪ ತಡೆದು ದನಿ ತಗ್ಗಿಸಿದ. "ಆದ್ರೆ ಅದನ್ನ ಬೀದಿಗೆ ಹಾಕ್ಬೇಕಲ್ಲ ಸಾರ್. ಹೊಟ್ಟೆ ಉರಿಯುತ್ತೆ."

"ಹೇಳಿ ಕಳಿಸ್ತೀನಿ," ಎಂದ ಮಗ.

ಆ ರಾತ್ರಿ ಊಟಕ್ಕೆ ಕೂತಾಗ ಸೊಸೆ ಕೇಳಿದಳು, "ಬಂದಿದ್ನಾ?"

"ಬಂದಿದ್ದ. ಆಗಲ್ವಂತೆ." ಮಗ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದ. "ಇಳಿಜಾರು ಸಿಗಲ್ವಂತೆ. ಗ್ಯಾರೇಜಿನ ನೆಲ ತಗ್ಗಾಯ್ತು. ಟಾಯ್ಲೆಟ್ ಕೂರ್ಸಿದ್ರೆ ನೀರು ವಾಪಸ್ ಬರುತ್ತಂತೆ."

"ನೆಲ ಎತ್ತರ ಮಾಡಕ್ಕಾಗಲ್ವಾ?" ಮೊಮ್ಮಗಳು ಬಿಡಲಿಲ್ಲ. "ಬೇರೆ ಯಾರನ್ನಾದ್ರೂ ಕರೆಸಿ ಕೇಳೋಣ."

"ಅವನಿಗಿಂತ ನಿನಗೆ ಹೆಚ್ಚು ಗೊತ್ತಾ?"

"ಸುಮ್ನೆ ಆಗಲ್ಲ ಅಂದ್ರೆ ಹೇಗಪ್ಪ?"

ಆಗ ಪರದೆಯ ಹಿಂದಿನಿಂದ ಅಜ್ಜಿಯ ದನಿ ಬಂತು. "ಹೌದಂತೆ ಕಣೆ ಮಗು. ಇಳಿಜಾರು ಸಿಗಲ್ವಂತೆ. ನಾನೂ ಕೇಳಿಸ್ಕೊಂಡೆ."

ಮಗನ ಕೈಯಲ್ಲಿದ್ದ ಚಾಕು ಬೆಣ್ಣೆಯಲ್ಲೇ ನಿಂತಿತು. ಏನು ಕೇಳಿಸಿಕೊಂಡೆ ಎಂದು ಅವನು ಕೇಳಲಿಲ್ಲ. ಅವತ್ತು ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ. ಆಮೇಲೆ ಕೇಳುವ ಧೈರ್ಯವೇ ಉಳಿಯಲಿಲ್ಲ.

*

ವಾರಗಳು ಕಳೆದವು. ಬೆಳಿಗ್ಗೆ ಕಮೋಡಿನ ಪಾತ್ರೆ ತೆಗೆದು ತೊಳೆಯುವುದು ಸೊಸೆಯ ಪಾಲು, ಮಧ್ಯಾಹ್ನ ಮೊಮ್ಮಗಳ ಪಾಲು. ಪಾತ್ರೆಯ ಮೇಲೆ ಟವೆಲು ಮುಚ್ಚಿ ಮೆಟ್ಟಿಲು ಹತ್ತುವಾಗ ಮಗ ಎದುರಾದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದ. ಕಣ್ಣು ಮಾತ್ರ ಚಾವಣಿಯ ಕಡೆ. ಅಮ್ಮನ ಔಷಧಿ ಅವನೇ ತರುತ್ತಿದ್ದ, ದಿಂಬು ಸರಿಮಾಡುತ್ತಿದ್ದ, ಪೇಪರು ಓದಿ ಹೇಳುತ್ತಿದ್ದ. ಆದರೆ ಆ ಕುರ್ಚಿಯ ಹತ್ತಿರ ಸುಳಿಯುತ್ತಿರಲಿಲ್ಲ. ರಜೆಯ ದಿನ ಗ್ಯಾರೇಜಿನಲ್ಲಿ ಕೆಂಪಿಯ ಗಾಲಿಗಳ ಸಂದಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದ. ಆ ಸದ್ದು ಗೋಡೆಯ ಈ ಕಡೆಗೂ ಕೇಳಿಸುತ್ತಿತ್ತು.

"ಏನ್ ಮಾಡ್ತಿದ್ದಾನೆ?" ಅಜ್ಜಿ ಮೊಮ್ಮಗಳನ್ನು ಕೇಳಿದರು.

"ಡಬ್ಬಿಗೆ ಸ್ನಾನ."

"ಚಕ್ರ ಚೆನ್ನಾಗಿ ಉಜ್ಜಕ್ಕೆ ಹೇಳು. ಬ್ರೇಕಿನ ಧೂಳು ಅಲ್ಲೇ ಕೂರೋದು."

"ಅಜ್ಜಿ, ನಿನಗೆ ಕೋಪಾನೇ ಬರಲ್ವಾ? ನಿನ್ನ ಕೋಣೇಲಿ ಅದು ಮಲಗಿದೆ."

"ನನ್ನ ಕೋಣೆ ಅಂತ ಯಾರು ಹೇಳಿದ್ರು? ಅದು ಕೆಂಪಿ ಕೋಣೆ. ಅವಳು ನಿನಗಿಂತ ಮೊದಲೇ ಈ ಮನೆಗೆ ಬಂದಿದ್ದು."

"ಹಾಗಾದ್ರೆ ಅವಳಿಗೂ ಕಾಫಿ ಕೊಡ್ಲಾ?"

ಅಜ್ಜಿ ನಕ್ಕರು. ಹಾಗೆ ನಗುವಾಗ ತುಟಿ ಒಡೆದು ಸಣ್ಣಗೆ ರಕ್ತ ಜಿನುಗಿದ್ದನ್ನು ಮೊಮ್ಮಗಳು ನೋಡಿದಳು. ಸ್ಟೂಲಿನ ಮೇಲಿನ ನೀರಿನ ಜಗ್ಗು ಬೆಳಿಗ್ಗೆ ಇಟ್ಟಷ್ಟೇ ಇತ್ತು. ಅಮ್ಮನಿಗೆ ಹೇಳಬೇಕು ಎಂದುಕೊಂಡಳು. ಮರುದಿನ ಪರೀಕ್ಷೆ ಇತ್ತು, ಮರೆತಳು.

ಸೊಸೆಗೂ ಅನುಮಾನ ಬಂದಿತ್ತು. ಪಾತ್ರೆ ತೊಳೆಯುವವಳು ಅವಳು. ಅದರ ಬಣ್ಣ ದಿನದಿಂದ ದಿನಕ್ಕೆ ಗಾಢವಾಗುತ್ತಿತ್ತು. "ಅತ್ತೆ, ನೀರು ಸರಿಯಾಗಿ ಕುಡೀತಿದ್ದೀರಾ?" ಎಂದು ಕೇಳಿದ್ದಳು. "ಹೊಟ್ಟೆ ತುಂಬ ಕುಡೀತಿದ್ದೀನಿ ಕಣಮ್ಮ" ಎಂಬ ಉತ್ತರ ಬಂದಿತ್ತು. ಔಷಧಿ ಅಂಗಡಿಯಲ್ಲಿ ಊರಿನ ಮುದುಕರಿಗೆಲ್ಲ ನೀರು ಕುಡಿಯಿರಿ ಎಂದು ಬುದ್ಧಿ ಹೇಳುವವಳು ಮನೆಯಲ್ಲಿ ಆ ಉತ್ತರವನ್ನು ಒಪ್ಪಿಕೊಂಡು ಕೆಲಸಕ್ಕೆ ಹೊರಟಿದ್ದಳು. ಹೊತ್ತಾಗಿತ್ತು.

ಒಂದು ಬೆಳಿಗ್ಗೆ ಮೊಮ್ಮಗಳು ಚಹಾ ಕೊಡಲು ಪರದೆ ಸರಿಸಿದಾಗ ಅಜ್ಜಿ ಅವಳ ಕೈ ಹಿಡಿದುಕೊಂಡು, "ಗುಂಡಿ ತಂದ್ಯಾ? ಗಿರಾಕಿ ಕಾಯ್ತಿದ್ದಾರೆ" ಎಂದರು. ಕೈ ಕಾದ ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು.

"ಅಮ್ಮಾ!" ಎಂದು ಮೊಮ್ಮಗಳು ಕೂಗಿದ ಕೂಗಿಗೆ ಮೇಲಿದ್ದವರಿಬ್ಬರೂ ಓಡಿ ಬಂದರು.

ಆಂಬುಲೆನ್ಸಿನಲ್ಲಿ ಅಜ್ಜಿಯ ಜೊತೆ ಒಬ್ಬರಿಗೆ ಮಾತ್ರ ಜಾಗ. ಸೊಸೆ ಹತ್ತಿದಳು. ಶಾಲೆಯ ಕಾರು ಶಾಲೆಯಲ್ಲಿತ್ತು. ಮಗ ಒಂದು ಕ್ಷಣ ಬಾಗಿಲಲ್ಲಿ ನಿಂತು, ಆಮೇಲೆ ಶಟರು ಎತ್ತಿದ. "ಹತ್ತು," ಎಂದ ಮಗಳಿಗೆ.

ಅವಳು ದೊಡ್ಡವಳಾದ ಮೇಲೆ ಕೆಂಪಿಯಲ್ಲಿ ಕೂತಿದ್ದು ಅಪರೂಪ. ಸೀಟು ನೆಲಕ್ಕೆ ಹತ್ತಿರ. ರಸ್ತೆ ಅಂಗಾಲಿನ ಅಡಿಯಲ್ಲೇ ಹರಿಯುವ ಹಾಗೆ ಕಾಣುತ್ತಿತ್ತು. ಮುಂದೆ ಆಂಬುಲೆನ್ಸು ಸಂದಣಿಯನ್ನು ಸೀಳಿಕೊಂಡು ಹೋಯಿತು. ಅಪ್ಪ ಗೇರು ಇಳಿಸಿದ. ಕೆಂಪಿ ಒಮ್ಮೆ ಗಂಟಲು ಸರಿಮಾಡಿಕೊಂಡ ಹಾಗೆ ಗುಡುಗಿ ಮುಂದಕ್ಕೆ ಚಿಮ್ಮಿತು. ಸೇತುವೆಯ ಕೆಳಗಿನ ತಿರುವಿನಲ್ಲಿ ಕಾರು ಒಂದಿಷ್ಟೂ ತಡವರಿಸದೆ, ಹಗುರವಾಗಿ, ಬೇಕೆಂದ ಕಡೆಗೆ ಬೇಕೆಂದಷ್ಟೇ ತಿರುಗಿತು. ಅವಳ ಹೊಟ್ಟೆಯೊಳಗೆ ಏನೋ ಮೇಲೆದ್ದು ಬಂತು. ಸಂತೋಷ. ಅದು ಸಂತೋಷವೇ ಎಂದು ಗೊತ್ತಾದ ಕೂಡಲೇ ಅವಳು ಅಪ್ಪನ ಕಡೆ ನೋಡಿದಳು. ಅವನ ತುಟಿಯ ತುದಿಯಲ್ಲೂ ಅದೇ ಇತ್ತು. ಇಬ್ಬರ ಕಣ್ಣೂ ಕೂಡಿದವು. ಮುಂದಿನ ಗಾಡಿಯಲ್ಲಿ ಮುದುಕಿಯೊಬ್ಬರು ಗುಂಡಿ ಕೇಳುತ್ತ ಮಲಗಿದ್ದರು.

ಇಬ್ಬರೂ ಮುಖ ತಿರುಗಿಸಿಕೊಂಡರು.

*

ಮೂತ್ರದ ಸೋಂಕು, ಅದು ರಕ್ತಕ್ಕೂ ಏರಲು ಹೊರಟಿತ್ತು. ಡ್ರಿಪ್ ಹಾಕಿದ ಮೂರನೆಯ ದಿನ ಅಜ್ಜಿಯ ಕಣ್ಣು ತಿಳಿಯಾಯಿತು. ಡಾಕ್ಟರು ಚಿಕ್ಕ ವಯಸ್ಸಿನವಳು, ಹಾಸಿಗೆಯ ಅಂಚಿನಲ್ಲೇ ಕೂತಳು.

"ಅಜ್ಜಿ, ದಿನಕ್ಕೆ ಎಷ್ಟು ನೀರು ಕುಡೀತಿದ್ರಿ?"

"ಮಾತ್ರೆ ನುಂಗಕ್ಕೆ ಎಷ್ಟು ಬೇಕೋ ಅಷ್ಟು."

"ಯಾಕೆ? ಬಾಯಾರಿಕೆ ಆಗ್ತಿರ್ಲಿಲ್ವಾ?"

"ಆಗ್ತಿತ್ತು." ಅಜ್ಜಿ ಸುತ್ತ ನಿಂತಿದ್ದ ಮೂವರನ್ನೂ ನೋಡಿ, ಆಮೇಲೆ ಹೊದಿಕೆಯ ಅಂಚನ್ನು ಬೆರಳಿನಿಂದ ನೀವಿದರು. "ಕುಡಿದ್ರೆ ಬರುತ್ತಲ್ಲಮ್ಮ. ಅವರು ಊಟಕ್ಕೆ ಕೂತಾಗ ಬಂದ್ಬಿಟ್ರೆ? ರೇಡಿಯೊ ಜೋರಾಗುತ್ತೆ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಅರ್ಥವಾದವರು ಮೂವರೂ ಅಲ್ಲೇ ಇದ್ದರು. ಸೊಸೆ ಮೊದಲು ಹೊರಗೆ ಹೋದಳು.

ಮರುದಿನ ಅವಳು ಅಂಗಡಿಯ ಕೌಂಟರಿನಲ್ಲಿದ್ದಾಗ ಪೈಪಿನವನು ಕೈಗೆ ಬಟ್ಟೆ ಸುತ್ತಿಕೊಂಡು ಬಂದ. ಬಿಸಿ ಪೈಪು ಮುಟ್ಟಿ ಸುಟ್ಟುಕೊಂಡಿದ್ದ. ಮುಲಾಮು ಕೊಟ್ಟು ಅವಳು ಹಚ್ಚುವ ಬಗೆ ಹೇಳುತ್ತಿದ್ದಾಗ ಅವನು ಕೇಳಿದ, "ಮೇಡಂ, ಗ್ಯಾರೇಜಿನ ಕೆಲಸ ಬೇರೆಯವರಿಗೆ ಕೊಟ್ರಾ? ಸಾರ್ ಹೇಳಿ ಕಳಿಸ್ತೀನಿ ಅಂದಿದ್ರು."

"ಇಳಿಜಾರು ಸಿಗಲ್ಲ ಅಂದ್ರಂತಲ್ಲ ನೀವು?"

"ನಾನಾ? ಅಲ್ಲಿರೋ ಇಳಿಜಾರಿಗೆ ಕಾರೇ ಹರ್ಕೊಂಡು ಹೋಗುತ್ತೆ ಮೇಡಂ." ಅವನು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. "ಸಾರ್ ಮನಸ್ಸು ನನಗೆ ಗೊತ್ತಾಯ್ತು ಬಿಡಿ. ಅಂಥ ಗಾಡಿ."

ಸಾಲಿನಲ್ಲಿ ನಿಂತಿದ್ದವರು ಕೆಮ್ಮಿದರು. ಸೊಸೆ ಚಿಲ್ಲರೆ ಎಣಿಸಿ ಕೊಟ್ಟಳು, ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು.

ಸಂಜೆ ಮಗ ಮನೆಗೆ ಬಂದಾಗ ಅವಳು ಗ್ಯಾರೇಜಿನಲ್ಲಿದ್ದಳು. ಕೆಂಪಿಯೊಳಗೆ, ಡ್ರೈವರಿನ ಪಕ್ಕದ ಸೀಟಿನಲ್ಲಿ.

"ಕೂತ್ಕೊಳ್ಳಿ. ಬಾಗಿಲು ಹಾಕಿ," ಎಂದಳು. "ಮೇಲೆ ಅವಳು ಓದ್ತಿದ್ದಾಳೆ. ಜಗಳ ಆಡಕ್ಕೂ ಬಾಗಿಲಿರೋ ಜಾಗ ಬೇಕಲ್ಲ."

ಅವನು ಕೂತ. ಬಾಗಿಲು ಹಳೆಯ ಕಾರುಗಳ ತೆಳು ತಗಡಿನ ಸದ್ದು ಮಾಡಿ ಮುಚ್ಚಿಕೊಂಡಿತು.

"ಪೈಪಿನವನು ಸಿಕ್ಕಿದ್ದ."

ಅವನು ಸ್ಟೀರಿಂಗ್ ಹಿಡಿದುಕೊಂಡ.

"ಏನಾದ್ರೂ ಹೇಳಿ ಮೇಷ್ಟ್ರೇ."

"ಏನ್ ಹೇಳ್ಲಿ?"

"ಇದನ್ನ ಆಚೆ ಹಾಕಕ್ಕೆ ಮನಸ್ಸಿಲ್ಲ ಅಂತ ಅವತ್ತೇ ಹೇಳಿದ್ರೆ ನಾನು ಬೈತಿದ್ದೆ. ಎರಡು ದಿನ ಮಾತು ಬಿಡ್ತಿದ್ದೆ. ಮುಗೀತಿತ್ತು. ಪೈಪಿನ ಮೇಲೆ, ನೆಲದ ಮೇಲೆ ಯಾಕೆ ಹಾಕಿದ್ರಿ?"

"ಸ್ವಲ್ಪ ದಿನದಲ್ಲಿ ಅಮ್ಮ ಮೆಟ್ಟಿಲು ಹತ್ತುತ್ತಾರೆ ಅಂತ..."

"ಡಾಕ್ಟರು ಹಾಗಂದ್ರಾ?"

"ಇಲ್ಲ."

"ನಾನೂ ಏನು ಸಾಚಾ ಅಲ್ಲ," ಎಂದಳು. "ಪಾತ್ರೆ ತೊಳೆದು ತೊಳೆದು ನನಗೂ ಸಾಕಾಗಿತ್ತು. ಪಾತ್ರೇಲಿ ಕಡಿಮೆ ಆಗ್ತಿದೆ ಅಂತ ಕಂಡಾಗ ಒಳಗೊಳಗೇ ಹಾಯಾಗಿತ್ತು. ರೇಡಿಯೊ ಜೋರು ಮಾಡಿದ್ದೂ ನಾನೇ." ಮೂಗು ಒರೆಸಿಕೊಂಡಳು. ಏನೋ ಹೊಳೆದ ಹಾಗೆ ಅವನ ಕಡೆ ತಿರುಗಿದಳು. "ಅತ್ತೆ 'ನಾನೂ ಕೇಳಿಸ್ಕೊಂಡೆ' ಅಂದ್ರಲ್ಲ ಅವತ್ತು?"

ಅವನು ಗಾಜಿನ ಆಚೆಯ ಗೋಡೆಯನ್ನು ನೋಡುತ್ತಿದ್ದ.

"ಅಂದ್ರೆ ಅವರಿಗೆ ಗೊತ್ತಿತ್ತು."

"ಹೂಂ."

"ಗೊತ್ತಿತ್ತು ಅಂತ ನಿಮಗೂ ಗೊತ್ತಿತ್ತು."

ಅವನ ಕಾಲು ತನ್ನಷ್ಟಕ್ಕೆ ಬ್ರೇಕನ್ನು ಒತ್ತಿ ಹಿಡಿದಿತ್ತು. ಹಿಂದೆ ಶಟರಿನ ಮೇಲೆ ಬ್ರೇಕ್ ದೀಪದ ಕೆಂಪು ಬೆಳಕು ಬಿದ್ದಿತ್ತು. ಅವಳು ಇಳಿದು ಒಳಗೆ ಹೋದ ಮೇಲೂ ಅದು ಹಾಗೇ ಇತ್ತು.

*

ಮರುದಿನವೇ ಕೆಂಪಿ ಬೀದಿಗೆ ಬಂತು. ಪೈಪಿನವನು ಕೈಗೆ ಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ಬಂದ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಕಾರಿನ ಮೇಲಿನ ಹೊದಿಕೆಯನ್ನು ಸರಿಮಾಡುತ್ತಿದ್ದ.

ಅಜ್ಜಿ ಆಸ್ಪತ್ರೆಯಿಂದ ಬಂದಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ಮತ್ತೆ ಪರದೆ, ಮತ್ತೆ ಆ ಕುರ್ಚಿ. ಮೊದಲ ಬೆಳಿಗ್ಗೆ ಮಗ ಪರದೆ ಸರಿಸಿ ಒಳಗೆ ಬಂದು ಪಾತ್ರೆಗೆ ಕೈ ಹಾಕಿದ.

"ಬೇಡ. ನೀನು ಬೇಡ." ಅಜ್ಜಿ ಗಾಬರಿಯಿಂದ ಎದ್ದು ಕೂತರು. "ಅವಳು ಬರ್ಲಿ."

"ಅವಳಿಗೆ ಹೊತ್ತಾಗಿದೆ."

"ಮಧ್ಯಾಹ್ನದ ತನಕ ಇರ್ಲಿ ಬಿಡು."

"ಅಮ್ಮ, ಸುಮ್ನಿರು."

ಅವನು ಪಾತ್ರೆ ಎತ್ತಿಕೊಂಡು ಹೋದ. ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದರು. ಅವನು ತೊಳೆದು ತಂದು ಇಟ್ಟಾಗಲೂ ತಿರುಗಲಿಲ್ಲ. ಹೊಸ ಜಗ್ಗಿನಿಂದ ನೀರು ಬಗ್ಗಿಸಿ ಕೊಟ್ಟ. ಕುಡಿದರು, ಅವನ ಮುಖ ನೋಡದೆ. ಗ್ಯಾರೇಜಿನ ಮಾತು ಇಬ್ಬರೂ ಎತ್ತಲಿಲ್ಲ.

ಬಾಗಿಲಿನ ಮಾತು ಬಂದಾಗ ಮಾತ್ರ ಅಜ್ಜಿ ಹಟ ಹಿಡಿದರು.

"ಒಳಗಿನಿಂದ ಚಿಲಕ ಬೇಕು."

"ಅತ್ತೆ, ಒಳಗೆ ಬಿದ್ದುಬಿಟ್ರೆ?" ಎಂದಳು ಸೊಸೆ.

"ಬಿದ್ರೆ ಒಡೀರಿ. ಬಾಗಿಲು ತಾನೆ."

"ಚಿಲಕ ಹಾಕ್ಸಿ," ಎಂದಳು ಮೊಮ್ಮಗಳು. "ನಾನು ಒಡೀತೀನಿ."

ಶಟರು ಇದ್ದ ಕಡೆ ಅರ್ಧ ಗೋಡೆ ಎದ್ದು ಮೇಲೆ ಕಿಟಕಿ ಬಂತು. ನೆಲವನ್ನು ಎಷ್ಟು ತೊಳೆದರೂ ಪೆಟ್ರೋಲಿನ ವಾಸನೆ ಪೂರ್ತಿ ಹೋಗಲಿಲ್ಲ. "ಇರ್ಲಿ ಬಿಡಿ," ಎಂದರು ಅಜ್ಜಿ. ವಾಕರು ಹಿಡಿದು ಹೊಸ ಕೋಣೆಗೆ ಹೋದ ದಿನ ಅವರು ಮಾಡಿದ ಮೊದಲ ಕೆಲಸ ಚಿಲಕ ಹಾಕಿದ್ದು. ಎರಡನೆಯದು, ಒಂದು ದೊಡ್ಡ ಲೋಟ ನೀರು ಕುಡಿದದ್ದು. ಅದನ್ನು ಅವರೇ ಆಮೇಲೆ ಮೊಮ್ಮಗಳಿಗೆ ಹೇಳಿದರು.

*

ಕೆಂಪಿಯನ್ನು ಮಾರುವುದಾಗಿ ಮಗ ಹೇಳಿದ್ದು ಊಟದ ಮೇಜಿನ ಬಳಿ. ಪರದೆ ಇಲ್ಲದ ಕೋಣೆ ದೊಡ್ಡದಾಗಿ ಕಾಣುತ್ತಿತ್ತು.

"ಆಚೆ ಹಾಕಿ ಅಂದೆ, ಮಾರಿ ಅಂದಿಲ್ಲ ನಾನು," ಎಂದಳು ಸೊಸೆ.

"ಬೀದೀಲಿ ತುಕ್ಕು ಹಿಡಿಯುತ್ತೆ."

"ತುಕ್ಕಿನ ಮಾತಲ್ಲ ಇದು. ಮಾಡಿದ ತಪ್ಪಿಗೆ ತಲೆ ಬೋಳಿಸ್ಕೊಂಡ ಹಾಗೆ ಊರಿಗೆಲ್ಲ ಕಾಣ್ಬೇಕು ನಿಮಗೆ."

"ಅಪ್ಪ, ಮಾರ್ಬೇಡ," ಎಂದಳು ಮೊಮ್ಮಗಳು ಮೆಲ್ಲಗೆ.

"ಡಬ್ಬಿ ಅಂತಿದ್ದೆ?"

ಅವಳ ಕಿವಿ ಕೆಂಪಾಯಿತು. "ಅಂತಿದ್ದೆ." ಆಮೇಲೆ ತಟ್ಟೆಯಿಂದ ತಲೆಯೆತ್ತಲಿಲ್ಲ.

ಕೊಳ್ಳಲು ಬಂದವರು ಹಲ್ಲಿನ ಡಾಕ್ಟರು. ಕಾಲೇಜಿನಲ್ಲಿದ್ದಾಗ ಇಂಥದ್ದೊಂದನ್ನು ಅಂಗಡಿಯ ಗಾಜಿನಾಚೆ ನೋಡಿದ್ದರಂತೆ, ಕೈಗೆಟುಕಿರಲಿಲ್ಲ. ಈಗ ತಲೆ ನೆರೆತಿತ್ತು, ಮನೆಯಲ್ಲಿ ಇನ್ನೂ ಎರಡು ಕಾರುಗಳಿದ್ದವು. ಒಂದು ಸುತ್ತು ಓಡಿಸಿಕೊಂಡು ಬಂದು ಇಳಿದಾಗ ಅವರ ಮುಖ ಇಪ್ಪತ್ತು ವರ್ಷದ ಹುಡುಗನದ್ದಾಗಿತ್ತು. "ಇದರ ಮುಂದೆ ನನ್ನ ಹೊಸ ಗಾಡಿ ಸೋಫಾ ಇದ್ದ ಹಾಗೆ ಕಣ್ರೀ," ಎಂದರು. ಮಗನ ಎದೆ ತುಂಬಿ ಬಂತು. ಇಬ್ಬರೂ ಬಾನೆಟ್ಟಿನ ಮೇಲೆ ಬಾಗಿ ಬಹಳ ಹೊತ್ತು ಮಾತಾಡಿದರು. ಎಷ್ಟೋ ವಾರಗಳ ನಂತರ ಮಗ ಕಣ್ಣಲ್ಲಿ ಕಣ್ಣಿಟ್ಟು ಯಾರ ಜೊತೆಗೋ ಮಾತಾಡುತ್ತಿದ್ದ.

ಆಮೇಲೆ ಹಲ್ಲಿನ ಡಾಕ್ಟರು ಸಣ್ಣ ಟಾರ್ಚು ತೆಗೆದು, ದವಡೆ ನೋಡುವ ಹಾಗೆ ಒಳಗೆಲ್ಲ ನೋಡುತ್ತ ಬಂದರು. ಡ್ರೈವರ್ ಸೀಟಿನ ಭುಜದ ಹತ್ತಿರ ಬೆಳಕು ನಿಂತಿತು.

"ಸೀಟು ಒರಿಜಿನಲ್ ಅಂದಿದ್ರಿ?"

"ಹೌದು..."

"ಇಲ್ನೋಡಿ. ಈ ಗೆರೆ ಒಂದು ಕೂದಲಷ್ಟು ಜರುಗಿದೆ. ಇದು ಕೈಹೊಲಿಗೆ." ಅವರ ದನಿಯಲ್ಲಿ ಬೇಸರವಿತ್ತು, ಹಲ್ಲಿನಲ್ಲಿ ಹುಳುಕು ಕಂಡ ಹಾಗೆ. "ತೇಪೆ ಹಾಕಿದ್ದಾರೆ."

ಮಗನ ಮುಖಕ್ಕೆ ರಕ್ತ ನುಗ್ಗಿತು. ಸಿಕ್ಕಿಬಿದ್ದವನ ಅವಸರದಲ್ಲಿ ಬಾಯಿಗೆ ಬಂದದ್ದನ್ನು ಹೇಳಿದ. "ಓ, ಅದಾ... ಯಾರೋ ಟೈಲರ್ ಕೈಲಿ ಹಾಕಿಸಿದ್ದು. ಇಲ್ಲೇ, ಸಣ್ಣ ಅಂಗಡಿ. ಅವಳಿಗೇನು ಗೊತ್ತು ಇದರ ಬೆಲೆ."

"ಪರವಾಗಿಲ್ಲ. ಈಗ ಅದೇ ಬಟ್ಟೆ ಹೊಸದಾಗಿ ನೇಯ್ದು ಕೊಡೋರಿದ್ದಾರೆ. ಇದನ್ನ ಕಿತ್ತು ಹಾಕಿಸ್ತೀನಿ."

"ಹಾಗೇ ಮಾಡಿ," ಎಂದ ಮಗ.

ವ್ಯವಹಾರ ಮುಗಿಯಿತು. ಹಲ್ಲಿನ ಡಾಕ್ಟರು ಕೆಂಪಿಯನ್ನು ಓಡಿಸಿಕೊಂಡು ಹೊರಟರು. ತಿರುವಿನಲ್ಲಿ ಎರಡನೆಯ ಗೇರಿನಿಂದ ಮೂರಕ್ಕೆ ಹೋದ ಸದ್ದು ಕೇಳಿಸಿತು. ಸರಿಯಾದ ಹೊತ್ತಿಗೇ ಬದಲಿಸಿದರು. ಮಗ ಕೇಳುತ್ತ ನಿಂತಿದ್ದು, ಸದ್ದು ಪೂರ್ತಿ ಅಡಗಿದ ಮೇಲೆ ಮನೆಯ ಕಡೆ ತಿರುಗಿದ. ಆಗ ಅವನಿಗೆ ಕಿಟಕಿ ಕಂಡಿತು. ಶಟರು ಇದ್ದ ಜಾಗದಲ್ಲಿನ ಹೊಸ ಕಿಟಕಿ. ಕಾರು ನಿಂತಿದ್ದ ಜಾಗದಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರ. ತೆರೆದಿತ್ತು.

ರಾತ್ರಿ ಸೊಸೆ ತಟ್ಟೆಗೆ ಊಟ ಬಡಿಸಿ ಮೊಮ್ಮಗಳ ಕೈಗೆ ಕೊಡಲು ಹೋದಾಗ ಮಗ, "ನಾನು ಕೊಡ್ತೀನಿ" ಎಂದ. ಸೂಪಿನ ಬಟ್ಟಲು ಅಲುಗದ ಹಾಗೆ ಹಿಡಿದು ನಡೆದ. ಹೊಸ ಬಾಗಿಲು ಮುಚ್ಚಿತ್ತು. ಬಾಯಲ್ಲಿ ಮಾತು ಜೋಡಿಸಿಕೊಂಡು ತಟ್ಟಿದ.

"ಅಮ್ಮ, ಊಟ."

"ಯಾರದು?"

"ನಾನಮ್ಮ."

ಒಳಗಿನಿಂದ ಅಜ್ಜಿಯ ದನಿ, ಸಿಟ್ಟಿಲ್ಲದೆ, ಗಿರಾಕಿಗೆ ಹೇಳುವ ಹಾಗೆ:

"ಯಾರೋ ಟೈಲರ್ ಕಮೋಡಿನ ಮೇಲೆ ಕೂತಿದ್ದಾಳೆ ಕಣಪ್ಪ. ಆಮೇಲೆ ಬಾ."

ಊಟದ ಕೋಣೆಯಲ್ಲಿ ರೇಡಿಯೊ ಹಾಕಿರಲಿಲ್ಲ. ಮೇಜಿನ ಹತ್ತಿರ ಕೂತಿದ್ದವರಿಬ್ಬರೂ ಚಮಚ ಕೆಳಗಿಟ್ಟರು. ಆಮೇಲೆ ಬರೋಣವೆಂದು ಮಗ ಅಲ್ಲಿಂದ ಸರಿಯಲಿಲ್ಲ. ಜೋಡಿಸಿಕೊಂಡಿದ್ದ ಮಾತನ್ನೂ ತಟ್ಟೆಯನ್ನೂ ಹಿಡಿದುಕೊಂಡು, ಚಿಲಕ ಸರಿಯುವ ಸದ್ದಿಗೆ ಕಾಯುತ್ತ ಅಲ್ಲೇ ನಿಂತ. ಸೂಪಿನ ಮೇಲೆ ಕೆನೆ ಕಟ್ಟಿತು.